ರ‍್ಯಾಮ್ ತುಂಬಿದ್ದಕ್ಕೇ ಗೇಮ್ ತಡವರಿಸುತ್ತದೆಯೇ?

ಪ್ರಶ್ನೆ: ನನ್ನದು 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಜಿಟಿಎ 5 ಆಡುವಾಗ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ 90% ದಾಟಿರುತ್ತದೆ. ಕಾರು ಓಡಿಸುತ್ತ ಊರಿನ ಇನ್ನೊಂದು ತುದಿಗೆ ಹೋದರೆ ಚಿತ್ರ ಗಕ್ಕನೆ ನಿಂತು ಮುಂದಕ್ಕೆ ಜಿಗಿಯುತ್ತದೆ. ಗೇಮ್ ಮುಚ್ಚಿದಾಗ ಮೇಲೇರುವ 'ಫ್ರೀ' ಅಂಕಿ ಸ್ವಲ್ಪ ಹೊತ್ತಿಗೇ ಮತ್ತೆ ಇಳಿದುಬಿಡುತ್ತದೆ. ರ‍್ಯಾಮ್ ಕ್ಲೀನರ್ ಹಾಕಿಕೋ ಎಂದು ಒಬ್ಬ ಗೆಳೆಯ ಹೇಳಿದ, ಪೇಜ್‌ಫೈಲ್ ಆಫ್ ಮಾಡು ಎಂದು ಇನ್ನೊಬ್ಬ. ಎರಡನ್ನೂ ಮಾಡಿದೆ. ಈಗ ಗೇಮ್ ಆಡುತ್ತಿರುವಾಗಲೇ ತಾನಾಗಿ ಮುಚ್ಚಿಕೊಳ್ಳುತ್ತಿದೆ. ಅಸಲಿಗೆ ಆಪರೇಟಿಂಗ್ ಸಿಸ್ಟಂ ಒಳಗೆ ಏನು ಮಾಡುತ್ತಿರುತ್ತದೆ?
— ಡಿಪ್ಲೊಮಾ ವಿದ್ಯಾರ್ಥಿ, ಹಾಸನ

ಉತ್ತರ: ಮೊದಲು ಪೇಜ್‌ಫೈಲನ್ನು (ರ‍್ಯಾಮಿನಲ್ಲಿ ಹಿಡಿಯದ್ದನ್ನು ಇಡಲು ವಿಂಡೋಸ್ ಡಿಸ್ಕಿನಲ್ಲಿ ಇಟ್ಟುಕೊಳ್ಳುವ ಫೈಲನ್ನು) ಮತ್ತೆ ಆನ್ ಮಾಡಿ, ಅದರ ಗಾತ್ರವನ್ನು ವಿಂಡೋಸ್ ನಿರ್ಧಾರಕ್ಕೇ ಬಿಡಿ. ಕ್ಲೀನರನ್ನು ಅನ್‌ಇನ್‌ಸ್ಟಾಲ್ ಮಾಡಿ. ಗೇಮ್ ನಡುವೆ ಮುಚ್ಚಿಕೊಳ್ಳುವ ಕಾಟ ಬಹುಮಟ್ಟಿಗೆ ಅಲ್ಲಿಗೆ ನಿಲ್ಲುತ್ತದೆ. ತಡವರಿಕೆಯ ಕತೆ ಬೇರೆ. ಅದು ಅರ್ಥವಾಗಬೇಕಾದರೆ ಆ 90%ರ ಮೇಲಿಂದ ಕಣ್ಣು ತೆಗೆಯಬೇಕು. ರ‍್ಯಾಮ್ ಎಷ್ಟು ತುಂಬಿದೆ ಎಂಬುದಕ್ಕಿಂತ, ಗೇಮ್ ಈ ಕ್ಷಣ ಕೇಳಿದ ತುಣುಕು ರ‍್ಯಾಮಿನಲ್ಲಿ ಇದೆಯೇ ಇಲ್ಲವೇ ಎಂಬುದೇ ಇಲ್ಲಿ ಮುಖ್ಯ.

ಸಮಯದ ಲೆಕ್ಕ ನೋಡಿ. ಸೆಕೆಂಡಿಗೆ 60 ಫ್ರೇಮ್ ಓಡಬೇಕಾದರೆ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. ನೀವು ಒತ್ತಿದ ಕೀ ಗಮನಿಸುವುದು, ರಸ್ತೆಯ ಮೇಲಿನ ಕಾರುಗಳನ್ನೆಲ್ಲ ಒಂದಿಷ್ಟು ಮುಂದೆ ಸರಿಸುವುದು, ಯಾವುದು ಯಾವುದಕ್ಕೆ ಗುದ್ದಿತು ಎಂದು ಲೆಕ್ಕ ಹಾಕುವುದು, ಚಿತ್ರ ಬಿಡಿಸಿ ಪರದೆಗೆ ಕಳಿಸುವುದು, ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ರ‍್ಯಾಮಿನಲ್ಲಿರುವ ಒಂದು ತುಣುಕನ್ನು ಓದಲು ಪ್ರಾಸೆಸರಿಗೆ ಹಿಡಿಯುವುದು ಹೆಚ್ಚುಕಡಿಮೆ 100 ನ್ಯಾನೊಸೆಕೆಂಡ್. ಅದೇ ತುಣುಕು ಎಸ್‌ಎಸ್‌ಡಿಯಿಂದ ಬರಬೇಕಾದರೆ ಸುಮಾರು 100 ಮೈಕ್ರೊಸೆಕೆಂಡ್, ಅಂದರೆ ಸಾವಿರ ಪಟ್ಟು. ತಿರುಗುವ ಹಾರ್ಡ್ ಡಿಸ್ಕಿನಿಂದಾದರೆ ಸುಮಾರು 10 ಮಿಲಿಸೆಕೆಂಡ್, ಲಕ್ಷ ಪಟ್ಟು. ಹಾರ್ಡ್ ಡಿಸ್ಕಿನ ಒಂದೇ ಒಂದು ಓದು ಅರ್ಧಕ್ಕಿಂತ ಹೆಚ್ಚು ಫ್ರೇಮನ್ನು ನುಂಗಿಬಿಡುತ್ತದೆ. ಎಸ್‌ಎಸ್‌ಡಿ ಎಂದು ನಿಶ್ಚಿಂತೆಯಿಂದ ಇರುವ ಹಾಗೂ ಇಲ್ಲ, ಒಂದರ ಹಿಂದೆ ಒಂದು ನೂರು ಓದುಗಳಾದರೆ ಅಲ್ಲಿಯೂ 10 ಮಿಲಿಸೆಕೆಂಡ್ ಹೋಯಿತು. ಊರಿನ ಇನ್ನೊಂದು ತುದಿಗೆ ಕಾರು ನುಗ್ಗಿಸಿದಾಗ ನಿಮ್ಮ ಚಿತ್ರ ನಿಲ್ಲುವುದಕ್ಕೆ ಬಹುಪಾಲು ಇದೇ ಕಾರಣ. ಆ ಬೀದಿಗೆ ಬೇಕಾದ ಸಾಮಾನು ರ‍್ಯಾಮಿನಲ್ಲಿ ಇರಲಿಲ್ಲ, ತರಲು ಹೋಗಬೇಕಾಯಿತು, ಫ್ರೇಮಿನ ಗಡುವು ಮೀರಿತು.

ಇನ್ನು ಆಪರೇಟಿಂಗ್ ಸಿಸ್ಟಂ ಮಾಡುವ ಕೆಲಸ. ಗೇಮಿಗೆ ನಿಮ್ಮ ರ‍್ಯಾಮ್ ಕಾಣುವುದೇ ಇಲ್ಲ. ಪ್ರತಿ ಪ್ರೋಗ್ರಾಮಿಗೂ ವಿಂಡೋಸ್ ಒಂದು ದೊಡ್ಡ ಖಾಲಿ ವಿಳಾಸ ಪಟ್ಟಿಯನ್ನು ಕೊಟ್ಟು, ಇದೆಲ್ಲ ನಿನ್ನದೇ ಎಂದು ನಂಬಿಸುತ್ತದೆ. 64 ಬಿಟ್ ವಿಂಡೋಸಿನಲ್ಲಿ ಆ ಪಟ್ಟಿಯ ಅಗಲ 128 ಟೆರಾಬೈಟ್. ನಿಮ್ಮಲ್ಲಿರುವುದು 8 ಜಿಬಿ! ಈ ನಂಬಿಕೆಯನ್ನು ಕಾಪಾಡಿಕೊಂಡು ಹೋಗುವುದೇ ಮೆಮೊರಿ ಮ್ಯಾನೇಜರ್ ಎಂಬ ಭಾಗದ ಕಸುಬು. ಅದು ರ‍್ಯಾಮನ್ನು 4 ಕೆಬಿಯ ಪೇಜುಗಳಾಗಿ ಕತ್ತರಿಸಿಕೊಂಡಿರುತ್ತದೆ, 8 ಜಿಬಿಗೆ ಅಂಥವು ಸುಮಾರು 21 ಲಕ್ಷ. ಗೇಮ್ ಹೇಳುವ ಯಾವ ವಿಳಾಸ ನಿಜವಾಗಿ ಯಾವ ಪೇಜಿನಲ್ಲಿ ಕೂತಿದೆ ಎಂಬುದು ಪೇಜ್ ಟೇಬಲ್ ಎಂಬ ಕೋಷ್ಟಕದಲ್ಲಿ ಬರೆದಿರುತ್ತದೆ. ಗೇಮ್ ಮೆಮೊರಿ ಮುಟ್ಟಿದಾಗಲೆಲ್ಲ ಪ್ರಾಸೆಸರ್ ಆ ಕೋಷ್ಟಕದ ಪ್ರಕಾರ ವಿಳಾಸವನ್ನು ಬದಲಿಸಿಕೊಳ್ಳುತ್ತದೆ. ಪ್ರತಿ ಸಲ ಕೋಷ್ಟಕ ತಿರುವಿ ಹಾಕುತ್ತ ಕೂತರೆ ಆಟ ಮುಂದೆ ಸಾಗದು. ಅದಕ್ಕೆ ಇತ್ತೀಚೆಗೆ ಬಳಸಿದ ಒಂದೆರಡು ಸಾವಿರ ವಿಳಾಸಗಳನ್ನು ಪ್ರಾಸೆಸರ್ ತನ್ನೊಳಗೇ ನೆನಪಿಟ್ಟುಕೊಂಡಿರುತ್ತದೆ.

ಇದು ಹೊಸ ಚಮತ್ಕಾರವೇನಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್ಬರ್ನ್ ಮತ್ತು ಅವರ ತಂಡ ಕಟ್ಟಿದ ಅಟ್ಲಾಸ್ ಎಂಬ ಕಂಪ್ಯೂಟರ್ 1962ರಲ್ಲೇ ಈ ಕೆಲಸ ಮಾಡುತ್ತಿತ್ತು. ಅದರ ಮುಖ್ಯ ಮೆಮೊರಿ 16,384 ಪದಗಳಷ್ಟು, ಪೇಜಿನ ಗಾತ್ರ 512 ಪದ. ಮಿಕ್ಕಿದ್ದೆಲ್ಲ ತಿರುಗುವ ಕಾಂತೀಯ ಡ್ರಮ್ಮಿನ ಮೇಲೆ. ಪ್ರೋಗ್ರಾಂ ಬರೆಯುವವರಿಗೆ ಮಾತ್ರ ಎರಡೂ ಸೇರಿ ಒಂದೇ ದೊಡ್ಡ ಮೆಮೊರಿಯಂತೆ ಕಾಣುತ್ತಿತ್ತು. ಯಾವ ಪೇಜನ್ನು ಡ್ರಮ್ಮಿಗೆ ಕಳಿಸಬೇಕು ಎಂದು ಹಿಂದಿನ ಬಳಕೆ ನೋಡಿ ಊಹಿಸುವ ಒಂದು ಪುಟ್ಟ ಪ್ರೋಗ್ರಾಂ ಕೂಡ ಅದರಲ್ಲಿತ್ತು. ಆ ಊಹೆಯ ಆಟವೇ ಇಂದಿಗೂ ನಡೆದಿದೆ.

ಪೇಜ್‌ಫೈಲ್ ತೆಗೆದದ್ದಕ್ಕೆ ಗೇಮ್ ಏಕೆ ಮುಚ್ಚಿಕೊಂಡಿತು ಎಂಬುದಕ್ಕೆ ಬರೋಣ. ಇದನ್ನು ತಪ್ಪಾಗಿ ತಿಳಿದವರೇ ಹೆಚ್ಚು. ಗೇಮ್ ಮೆಮೊರಿ ಕೇಳುವುದು ಎರಡು ಹಂತದಲ್ಲಿ. ಮೊದಲನೆಯದು ರಿಸರ್ವ್: ಈ ವಿಳಾಸಗಳು ನನಗಿರಲಿ ಎಂದಷ್ಟೇ. ಅದಕ್ಕೆ ಖರ್ಚಿಲ್ಲ. ಎರಡನೆಯದು ಕಮಿಟ್: ಇಲ್ಲಿ ನಾನು ಬರೆಯುವವನಿದ್ದೇನೆ, ಜಾಗ ಖಾತ್ರಿ ಮಾಡು ಎಂದು. ಕಮಿಟ್ ಆದ ಮಾತ್ರಕ್ಕೆ ರ‍್ಯಾಮ್ ಕೊಟ್ಟಾಯಿತು ಎಂದಲ್ಲ. ಗೇಮ್ ಆ ಜಾಗವನ್ನು ಮೊದಲ ಸಲ ಮುಟ್ಟಿದಾಗಷ್ಟೇ ನಿಜವಾದ ಪೇಜು ಸಿಗುತ್ತದೆ. ಹಬ್ಬದ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನು ಎಷ್ಟೋ ಹೊತ್ತು ಕೆಳಗೇ ಟೀ ಕುಡಿಯುತ್ತ ನಿಂತಿರುತ್ತಾನಲ್ಲ, ಹಾಗೆ. ಸೀಟು ಖಾಲಿ ಇದೆ, ಆದರೂ ಇನ್ನೊಬ್ಬರಿಗೆ ಕೊಡುವಂತಿಲ್ಲ. ಟವೆಲ್ಲುಗಳ ಒಟ್ಟು ಲೆಕ್ಕವನ್ನು ವಿಂಡೋಸ್ ಕಟ್ಟುನಿಟ್ಟಾಗಿ ಇಡುತ್ತದೆ. ರ‍್ಯಾಮ್ ಮತ್ತು ಪೇಜ್‌ಫೈಲ್ ಎರಡನ್ನೂ ಕೂಡಿಸಿದರೆ ಎಷ್ಟಾಗುತ್ತದೋ ಅದನ್ನು ಮೀರಿ ಒಂದು ಪೇಜಿಗೂ ಅದು ಮಾತು ಕೊಡದು. ಟಾಸ್ಕ್ ಮ್ಯಾನೇಜರಿನಲ್ಲಿ 'ಕಮಿಟೆಡ್' ಎಂದು ಎರಡು ಅಂಕಿ ಕಾಣುತ್ತವೆ, ಮೊದಲನೆಯದು ಈವರೆಗೆ ಕೊಟ್ಟ ಮಾತು, ಎರಡನೆಯದು ಕೊಡಬಹುದಾದ ಮಿತಿ.

ಗೇಮುಗಳು ಕಮಿಟ್ ಮಾಡಿಸಿಕೊಳ್ಳುವುದರಲ್ಲಿ ಧಾರಾಳಿಗಳು. ನಿಜವಾಗಿ ಬಳಸುವುದಕ್ಕಿಂತ ಬಹಳ ಹೆಚ್ಚು ಕೇಳಿಟ್ಟುಕೊಂಡಿರುತ್ತವೆ. ಬ್ರೌಸರುಗಳದ್ದೂ ಅದೇ ಚಾಳಿ. ನೀವು ಪೇಜ್‌ಫೈಲ್ ತೆಗೆದ ಕೂಡಲೇ ಮಿತಿ 8 ಜಿಬಿಯೊಳಕ್ಕೆ ಕುಸಿಯಿತು. ಗೇಮ್ ಇನ್ನಷ್ಟು ಕೇಳಿತು, ವಿಂಡೋಸ್ ಇಲ್ಲ ಎಂದಿತು. ಇಲ್ಲ ಎಂಬ ಉತ್ತರವನ್ನು ಹೇಗೆ ಸಂಭಾಳಿಸಬೇಕು ಎಂದು ಬಹುತೇಕ ಗೇಮುಗಳಿಗೆ ಕಲಿಸಿರುವುದಿಲ್ಲ, ಬಾಗಿಲು ಹಾಕಿಕೊಂಡು ಹೋಗುತ್ತವೆ. ಇದರಲ್ಲಿ ವಿಚಿತ್ರವೆಂದರೆ, ಆ ಗಳಿಗೆಯಲ್ಲಿ ರ‍್ಯಾಮಿನ ಒಂದಷ್ಟು ಭಾಗ ಬಳಕೆಯಾಗದೆಯೇ ಉಳಿದಿರಬಹುದು. ಪೇಜ್‌ಫೈಲಿನಲ್ಲಿ ಒಂದಕ್ಷರವೂ ಬರೆಯದಿದ್ದರೂ ಅದು ಇರುವುದೇ ಒಂದು ಉಪಕಾರ. ಕೊಟ್ಟ ಮಾತಿಗೆ ಜಾಮೀನು ನಿಂತಿರುತ್ತದೆ, ರ‍್ಯಾಮ್ ಪೂರ್ತಿ ಬಳಕೆಗೆ ಸಿಗುತ್ತದೆ. ಲಿನಕ್ಸ್ ಈ ವಿಷಯದಲ್ಲಿ ಬೇರೆ ಸ್ವಭಾವದ್ದು. ಕೇಳಿದವರಿಗೆಲ್ಲ ಸರಿ ಸರಿ ಎಂದು ಮಾತು ಕೊಡುತ್ತ ಹೋಗಿ, ಕೊನೆಗೆ ನಿಜವಾಗಿಯೂ ಜಾಗ ಸಾಲದೆ ಬಂದಾಗ ಯಾವುದೋ ಒಂದು ಪ್ರೋಗ್ರಾಮನ್ನು ಆರಿಸಿ ಕೊಲ್ಲುತ್ತದೆ. ಹೆಚ್ಚು ಮೆಮೊರಿ ಹಿಡಿದವರ ಮೇಲೇ ಅದರ ಕಣ್ಣು. ಗೇಮ್ ಆಡುವಾಗ ಆ ಪಟ್ಟಿಯಲ್ಲಿ ಮೊದಲಿರುವುದು ಯಾರೆಂದು ಹೇಳಬೇಕಿಲ್ಲ.

ಈಗ 90%ರ ವಿಷಯ. ಒಂದು ಪ್ರೋಗ್ರಾಂ ಸದ್ಯಕ್ಕೆ ನಿಜವಾಗಿ ಬಳಸುತ್ತಿರುವ ಪೇಜುಗಳ ಗುಂಪನ್ನು ವರ್ಕಿಂಗ್ ಸೆಟ್ ಎನ್ನುತ್ತಾರೆ. ಅಮೆರಿಕದ ಪೀಟರ್ ಡೆನ್ನಿಂಗ್ 1968ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬಂದ ಹೆಸರು ಅದು. ಪ್ರೋಗ್ರಾಮುಗಳು ಯಾವಾಗಲೂ ಇಡೀ ಮೆಮೊರಿಯನ್ನು ಮುಟ್ಟುತ್ತಿರುವುದಿಲ್ಲ, ಒಂದು ಹೊತ್ತಿಗೆ ಒಂದು ಭಾಗಕ್ಕೆ ಅಂಟಿಕೊಂಡಿರುತ್ತವೆ, ಆ ಭಾಗ ರ‍್ಯಾಮಿನಲ್ಲಿ ಹಿಡಿದರೆ ಎಲ್ಲ ಸಲೀಸು, ಹಿಡಿಯದಿದ್ದರೆ ಕಂಪ್ಯೂಟರ್ ಕೆಲಸ ಬಿಟ್ಟು ಬರೀ ತರುವುದು ಒಯ್ಯುವುದರಲ್ಲೇ ಮುಳುಗುತ್ತದೆ ಎಂಬುದು ಅವರ ವಾದದ ಸಾರ. ಈ ಎರಡನೆಯ ಸ್ಥಿತಿಗೆ ಥ್ರ್ಯಾಶಿಂಗ್ ಎಂದು ಹೆಸರು. ಗೇಮ್ ಆಡುವಾಗ ಮೌಸ್ ಕೂಡ ಅಲ್ಲಾಡದೆ ಡಿಸ್ಕಿನ ದೀಪ ಒಂದೇ ಸಮನೆ ಉರಿಯುವುದನ್ನು ಕಂಡಿದ್ದರೆ ನೀವು ಥ್ರ್ಯಾಶಿಂಗನ್ನು ಕಣ್ಣಾರೆ ನೋಡಿದ್ದೀರಿ.

ಯಾವ ಪೇಜು ಬಳಕೆಯಲ್ಲಿದೆ ಎಂದು ವಿಂಡೋಸಿಗೆ ತಿಳಿಯುವುದು ಹೇಗೆ? ಪ್ರಾಸೆಸರ್ ಒಂದು ಪೇಜನ್ನು ಮುಟ್ಟಿದರೆ ಪೇಜ್ ಟೇಬಲಿನ ಆ ಸಾಲಿನಲ್ಲಿ ಒಂದು ಗುರುತು ಹಾಕುತ್ತದೆ. ಮೆಮೊರಿ ಮ್ಯಾನೇಜರ್ ಆಗಾಗ ಬಂದು ಗುರುತುಗಳನ್ನು ಅಳಿಸಿ ಹೋಗುತ್ತದೆ, ಮುಂದಿನ ಸಲ ಬಂದಾಗ ಯಾವುದರ ಮೇಲೆ ಮತ್ತೆ ಗುರುತು ಬಿದ್ದಿಲ್ಲವೋ ಅದಕ್ಕೆ ಒಂದು ವಯಸ್ಸು ಹೆಚ್ಚಿಸುತ್ತದೆ. ಜಾಗಕ್ಕೆ ಬಿಗುವಾದಾಗ ವಯಸ್ಸಾದ ಪೇಜುಗಳನ್ನು ವರ್ಕಿಂಗ್ ಸೆಟ್ಟಿನಿಂದ ಹೊರಗೆ ಹಾಕುತ್ತದೆ. ಹೊರಗೆ ಎಂದರೆ ಡಿಸ್ಕಿಗೆ ಎಂದುಕೊಳ್ಳಬೇಡಿ. ಗೇಮ್ ಬದಲಾಯಿಸಿದ ಪೇಜಾದರೆ ಮಾಡಿಫೈಡ್ ಎಂಬ ಸಾಲಿಗೆ, ಬದಲಾಗದ್ದಾದರೆ ಸ್ಟ್ಯಾಂಡ್‌ಬೈ ಎಂಬ ಸಾಲಿಗೆ ಹೋಗುತ್ತದೆ. ಎರಡೂ ಸಾಲುಗಳು ಇರುವುದು ರ‍್ಯಾಮಿನಲ್ಲೇ. ಮಾಡಿಫೈಡ್ ಸಾಲಿನವು ಬಿಡುವಾದಾಗ ಪೇಜ್‌ಫೈಲಿಗೆ ನಕಲಾಗಿ ಆಮೇಲೆ ಸ್ಟ್ಯಾಂಡ್‌ಬೈ ಸೇರುತ್ತವೆ. ಅಷ್ಟರಲ್ಲಿ ಗೇಮ್ ಮತ್ತೆ ಕೇಳಿತೋ, ಸಾಲಿನಿಂದ ಎತ್ತಿ ಹಾಗೆಯೇ ವಾಪಸ್ ಕೊಟ್ಟುಬಿಡುತ್ತದೆ. ಇದಕ್ಕೆ ಸಾಫ್ಟ್ ಫಾಲ್ಟ್ ಎನ್ನುತ್ತಾರೆ. ಡಿಸ್ಕಿನ ಸೋಂಕಿಲ್ಲದ ಕಾರಣ ನಿಮಗೆ ಗೊತ್ತೇ ಆಗುವುದಿಲ್ಲ. ಡಿಸ್ಕಿಗೆ ಹೋಗಿ ತರಲೇಬೇಕಾದದ್ದು ಹಾರ್ಡ್ ಫಾಲ್ಟ್. ಎರಡರಲ್ಲಿ ಫ್ರೇಮನ್ನು ಕೊಲ್ಲುವುದು ಇದೇ. ಈ ಎರಡು ಸಾಲುಗಳ ಏರ್ಪಾಟು 1977ರಲ್ಲಿ ಘೋಷಣೆಯಾದ ಡಿಇಸಿ ಕಂಪನಿಯ ವಿಎಂಎಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ನೆನಪು ತರುತ್ತದೆ. ಆ ವಿಎಂಎಸ್ ಕಟ್ಟಿದವರಲ್ಲಿ ಪ್ರಮುಖರಾದ ಡೇವಿಡ್ ಕಟ್ಲರ್ ಅವರೇ 1988ರಲ್ಲಿ ಮೈಕ್ರೋಸಾಫ್ಟಿಗೆ ಬಂದು ವಿಂಡೋಸ್ ಎನ್‌ಟಿಯ ಮುಂದಾಳಾದದ್ದು. ನಿಮ್ಮ ಜಿಟಿಎ ಓಡುತ್ತಿರುವುದು ಆ ವಂಶದ ಮೇಲೆ.

ಗೇಮ್ ಮುಚ್ಚಿದ ಮೇಲೆ 'ಫ್ರೀ' ಇಳಿಯುವುದರ ಗುಟ್ಟೂ ಇಲ್ಲೇ ಇದೆ. ಮುಚ್ಚಿದ ಗಳಿಗೆಯಲ್ಲಿ ಗೇಮ್ ಬರೆದುಕೊಂಡಿದ್ದ ಪೇಜುಗಳೆಲ್ಲ ಫ್ರೀ ಆಗುತ್ತವೆ. ಅವನ್ನು ಇನ್ನೊಬ್ಬರಿಗೆ ಕೊಡುವ ಮೊದಲು ಪೂರ್ತಿ ಸೊನ್ನೆ ತುಂಬಿ ಒರೆಸಬೇಕು, ಇಲ್ಲವಾದರೆ ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರ ಪ್ರೋಗ್ರಾಮಿಗೆ ಸಿಕ್ಕೀತು. ಇದಕ್ಕೆಂದೇ ಕಡಿಮೆ ಆದ್ಯತೆಯ ಒಂದು ಕೆಲಸಗಾರ ಪ್ರೋಗ್ರಾಂ ವಿಂಡೋಸಿನೊಳಗೆ ಬಿಡುವಿದ್ದಾಗಲೆಲ್ಲ ಒರೆಸುತ್ತಿರುತ್ತದೆ. ಇತ್ತ ಡಿಸ್ಕಿನಿಂದ ಓದಿದ ಫೈಲುಗಳು ಸ್ಟ್ಯಾಂಡ್‌ಬೈ ಸಾಲಿನಲ್ಲಿ ಹಾಗೇ ಉಳಿದಿರುತ್ತವೆ. ನೀವು ಮುಂದೆ ಏನು ತೆರೆಯಬಹುದು ಎಂದು ಊಹಿಸಿ ಇನ್ನಷ್ಟು ಫೈಲುಗಳನ್ನು ಮುಂಚೆಯೇ ತಂದಿಡುವ ಸೇವೆಯೂ ಒಂದಿದೆ. ವಿಸ್ಟಾ ಕಾಲದಲ್ಲಿ ಅದರ ಹೆಸರು ಸೂಪರ್‌ಫೆಚ್, ಈಗ ಸಿಸ್‌ಮೇನ್. ಹಾಗಾಗಿ ಫ್ರೀ ಇಳಿದು ಸ್ಟ್ಯಾಂಡ್‌ಬೈ ಏರುತ್ತದೆ. ಸ್ಟ್ಯಾಂಡ್‌ಬೈನಲ್ಲಿರುವ ಪೇಜನ್ನು ಯಾರಾದರೂ ಹೊಸದಾಗಿ ಜಾಗ ಕೇಳಿದ ತಕ್ಷಣ ಕೊಟ್ಟುಬಿಡಬಹುದು, ಅದರ ಪ್ರತಿ ಡಿಸ್ಕಿನಲ್ಲಿ ಇದ್ದೇ ಇದೆ. ಅದಕ್ಕೇ ಟಾಸ್ಕ್ ಮ್ಯಾನೇಜರ್ ಅದನ್ನು 'ಇನ್ ಯೂಸ್'ಗೆ ಸೇರಿಸದೆ 'ಅವೈಲಬಲ್' ಎಂಬುದಕ್ಕೆ ಸೇರಿಸುತ್ತದೆ. ಒಮ್ಮೆ ಆಡಿ ಮುಚ್ಚಿದ ಗೇಮ್ ಅರ್ಧ ಗಂಟೆಯ ನಂತರ ಮತ್ತೆ ತೆರೆದರೆ ಚುರುಕಾಗಿ ಬರುವುದು ಈ ಸಾಲಿನ ಪುಣ್ಯದಿಂದ. ಫ್ರೀ ಎಂದು ಬಿದ್ದಿರುವ ರ‍್ಯಾಮಿನಿಂದ ಯಾರಿಗೂ ಉಪಯೋಗವಿಲ್ಲ. ಹಣ ಕೊಟ್ಟು ಕೊಂಡದ್ದನ್ನು ಖಾಲಿ ಇಟ್ಟುಕೊಂಡು ಸಂತೋಷಪಡುವುದು ಯಾವ ಜಾಣತನವೋ ನನಗಂತೂ ತಿಳಿಯದು.

ಈ ಸಂತೋಷವನ್ನೇ ಬಂಡವಾಳ ಮಾಡಿಕೊಂಡವು ನಿಮ್ಮ ಗೆಳೆಯ ಹೇಳಿದ ಕ್ಲೀನರುಗಳು. ಬಟನ್ ಒತ್ತಿದಾಗ ಅವುಗಳಲ್ಲಿ ಹೆಚ್ಚಿನವು ಮಾಡುವುದು ಇಷ್ಟೇ: ವಿಂಡೋಸಿನಲ್ಲೇ ಇರುವ ಒಂದು ಸೌಲಭ್ಯವನ್ನು ಕರೆದು ಎಲ್ಲ ಪ್ರೋಗ್ರಾಮುಗಳ ವರ್ಕಿಂಗ್ ಸೆಟ್ಟನ್ನು ಖಾಲಿ ಮಾಡಿಸುತ್ತವೆ. ಗೇಮಿನ ಪೇಜುಗಳೆಲ್ಲ ಮಾಡಿಫೈಡ್, ಸ್ಟ್ಯಾಂಡ್‌ಬೈ ಸಾಲುಗಳಿಗೆ ಹೋಗಿ ಬೀಳುತ್ತವೆ, 90 ಇದ್ದದ್ದು 50ಕ್ಕೆ ಇಳಿದಂತೆ ಕಾಣುತ್ತದೆ. ನಿಮಗೆ ಖುಷಿ. ಮರುಕ್ಷಣವೇ ಗೇಮಿಗೆ ಅದೇ ಪೇಜುಗಳು ಬೇಕು. ಒಂದೊಂದಕ್ಕೂ ಫಾಲ್ಟ್, ಅದೃಷ್ಟವಿದ್ದರೆ ಸಾಫ್ಟ್, ಇಲ್ಲದಿದ್ದರೆ ಹಾರ್ಡ್. ಕೆಲವು ಕ್ಲೀನರುಗಳು ಒಂದು ಹೆಜ್ಜೆ ಮುಂದೆ ಹೋಗಿ ಸ್ಟ್ಯಾಂಡ್‌ಬೈ ಸಾಲನ್ನೂ ಬರಿದು ಮಾಡುತ್ತವೆ. ಆಗ ಸಾಫ್ಟ್ ಆಗಬಹುದಾಗಿದ್ದ ಫಾಲ್ಟುಗಳೂ ಹಾರ್ಡ್ ಆಗುತ್ತವೆ. ಇದರ ಮೇಲೆ ಕ್ಲೀನರ್ ತಾನೂ ಒಂದಿಷ್ಟು ರ‍್ಯಾಮ್ ಹಿಡಿದು ಹಿನ್ನೆಲೆಯಲ್ಲಿ ಕೂತಿರುತ್ತದೆ, ಮೂಗಿಗಿಂತ ಮೂಗುತಿ ಭಾರ.

ಈ ವ್ಯಾಪಾರದ ಇತಿಹಾಸದಲ್ಲಿ ಒಂದು ಹಾಸ್ಯ ಪ್ರಸಂಗವೇ ಇದೆ. 1995ರಲ್ಲಿ ಅಮೆರಿಕದ ಸಿಂಕ್ರೊನಿಸ್ ಎಂಬ ಕಂಪನಿ ಸಾಫ್ಟ್‌ರ‍್ಯಾಮ್ 95 ಎಂಬ ಪ್ರೋಗ್ರಾಂ ಮಾರಾಟಕ್ಕಿಟ್ಟಿತು. ರ‍್ಯಾಮಿನಲ್ಲಿರುವುದನ್ನು ಹಿಂಡಿ ಚಿಕ್ಕದು ಮಾಡಿ ನಿಮ್ಮ ರ‍್ಯಾಮನ್ನು ಇಮ್ಮಡಿ ಮಾಡುತ್ತೇವೆ ಎಂಬ ಜಾಹೀರಾತು. ಆಗ ರ‍್ಯಾಮ್ ದುಬಾರಿ, ಜನ ಮುಗಿಬಿದ್ದು ಕೊಂಡರು, ಲಕ್ಷಗಟ್ಟಲೆ ಪ್ರತಿ ಹೋಯಿತು. ತಿಳಿದವರು ಬಿಚ್ಚಿ ನೋಡಿದರೆ ಒಳಗೆ ಹಿಂಡುವ ಕೆಲಸವೇ ನಡೆಯುತ್ತಿರಲಿಲ್ಲ. ಪರದೆಯ ಮೇಲಿನ ಮುಳ್ಳುಗಳು ಮಾತ್ರ ಬಲು ಉತ್ಸಾಹದಿಂದ ಓಡಾಡುತ್ತಿದ್ದವು. 1996ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕ್ರಮಕ್ಕೆ ಮುಂದಾಯಿತು. ತಮಾಷೆ ಏನೆಂದರೆ ಸಾಫ್ಟ್‌ರ‍್ಯಾಮ್ ಸುಳ್ಳು ಹೇಳಿ ಮಾರಿದ್ದನ್ನು ಇಪ್ಪತ್ತು ವರ್ಷಗಳ ನಂತರ ವಿಂಡೋಸ್ 10 ನಿಜವಾಗಿ ಮಾಡಿ ತೋರಿಸಿತು, ಅದೂ ಪುಕ್ಕಟೆಯಾಗಿ. ಈಗ ಬಿಗುವಿನ ಹೊತ್ತಿನಲ್ಲಿ ವಯಸ್ಸಾದ ಪೇಜುಗಳು ನೇರವಾಗಿ ಡಿಸ್ಕಿಗೆ ಹೋಗದೆ ಮೊದಲು ರ‍್ಯಾಮಿನಲ್ಲೇ ಹಿಂಡಿಸಿಕೊಂಡು ಕೂರುತ್ತವೆ. ಮತ್ತೆ ಬೇಕೆಂದಾಗ ಬಿಡಿಸಿಕೊಡುವುದು ಡಿಸ್ಕಿನಿಂದ ತರುವುದಕ್ಕಿಂತ ಎಷ್ಟೋ ಬೇಗ. 'ಇನ್ ಯೂಸ್' ಅಂಕಿಯ ಪಕ್ಕದಲ್ಲಿ 'ಕಂಪ್ರೆಸ್ಡ್' ಎಂದು ಕಾಣುವುದು ಇದೇ. ಪುಕ್ಕಟೆ ಎಂದೆನಾದರೂ ಪ್ರಾಸೆಸರಿನ ಸಮಯ ಖರ್ಚಾಗುತ್ತದೆ. ನಾಲ್ಕೇ ಕೋರಿನ ಲ್ಯಾಪ್‌ಟಾಪಿನಲ್ಲಿ ಗೇಮಿಗೂ ಅದೇ ಕೋರುಗಳು ಬೇಕಾಗಿರುವುದರಿಂದ ಕೆಲವೊಮ್ಮೆ ಅದು ತಟ್ಟುತ್ತದೆ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ, ನನ್ನ ಅಂದಾಜಿನಲ್ಲಿ ಇದೇ ದೊಡ್ಡದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ ಎಂದಿರಿ. ಹಾಗಾದರೆ ನಿಮ್ಮ 8 ಜಿಬಿ ಪೂರ್ತಿ 8 ಜಿಬಿ ಅಲ್ಲ. ಕಾರ್ಡ್ ಇದ್ದವರಿಗೆ ಗೋಡೆ, ರಸ್ತೆ, ಬಟ್ಟೆಗಳ ಟೆಕ್ಸ್ಚರುಗಳು ಕೂರುವುದಕ್ಕೆ ಕಾರ್ಡಿನಲ್ಲೇ ಪ್ರತ್ಯೇಕ ಮೆಮೊರಿ ಇರುತ್ತದೆ. ನಿಮ್ಮಲ್ಲಿ ಅದೆಲ್ಲವೂ ಇದೇ ರ‍್ಯಾಮಿನಿಂದ ಹೋಗಬೇಕು. ಒಂದಷ್ಟನ್ನು ಬಯೋಸ್ ಹಂತದಲ್ಲೇ ಗ್ರಾಫಿಕ್ಸಿಗೆಂದು ತೆಗೆದಿಟ್ಟುಬಿಡುತ್ತಾರೆ. ಟಾಸ್ಕ್ ಮ್ಯಾನೇಜರಿನಲ್ಲಿ ಅದು 'ಹಾರ್ಡ್‌ವೇರ್ ರಿಸರ್ವ್ಡ್' ಎಂದು ಕಾಣುತ್ತದೆ, ಎಎಂಡಿ ಪ್ರಾಸೆಸರಿನ ಲ್ಯಾಪ್‌ಟಾಪುಗಳಲ್ಲಿ 512 ಎಂಬಿಯಿಂದ 2 ಜಿಬಿವರೆಗೂ ಇರಬಹುದು. ಉಳಿದದ್ದನ್ನು ಗೇಮ್ ಬೇಕಾದಂತೆ ಎಳೆದುಕೊಳ್ಳುತ್ತದೆ. ಅಲ್ಲೇ 'ಶೇರ್ಡ್ ಜಿಪಿಯು ಮೆಮೊರಿ' ಎಂದು ಸುಮಾರು 4 ಜಿಬಿ ತೋರಿಸುವುದನ್ನು ಕಂಡು ಅರ್ಧ ರ‍್ಯಾಮ್ ಹೋಯಿತು ಎಂದು ಗಾಬರಿಯಾಗುವವರಿದ್ದಾರೆ. ಅದು ಗರಿಷ್ಠ ಮಿತಿ, ಬಳಸಿದರೆ ಮಾತ್ರ ಲೆಕ್ಕ.

ಜಾಗದ ಜೊತೆಗೆ ವೇಗವನ್ನೂ ಹಂಚಿಕೊಳ್ಳಬೇಕು. ಡಿಡಿಆರ್4-3200 ರ‍್ಯಾಮ್ ಒಂದೇ ಸ್ಟಿಕ್ ಹಾಕಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸಬಲ್ಲದು, ಎರಡು ಸ್ಟಿಕ್ ಇದ್ದರೆ 51.2 ಜಿಬಿ. ಆರ್‌ಟಿಎಕ್ಸ್ 3060ಯಂಥ ಮಧ್ಯಮ ದರ್ಜೆಯ ಕಾರ್ಡಿನ 12 ಜಿಬಿ ಮಾದರಿಯಲ್ಲಿ ಸೆಕೆಂಡಿಗೆ 360 ಜಿಬಿ, ಅದೂ ಪ್ರಾಸೆಸರ್ ಜೊತೆ ಪಾಲು ಹಂಚಿಕೊಳ್ಳದೆ. ಅಗ್ಗದ ಲ್ಯಾಪ್‌ಟಾಪುಗಳನ್ನು ಒಂದೇ ಸ್ಟಿಕ್ ಹಾಕಿ ಮಾರುವುದು ಮಾಮೂಲು. ನಿಮ್ಮದರಲ್ಲಿ ಎರಡನೇ ಸ್ಲಾಟ್ ಖಾಲಿ ಇದ್ದರೆ ಅಲ್ಲೊಂದು 8 ಜಿಬಿ ಸ್ಟಿಕ್ ಹಾಕಿಸಿ. ಜಾಗವೂ ದುಪ್ಪಟ್ಟು, ದಾರಿಯೂ ದುಪ್ಪಟ್ಟು. ಕಾರ್ಡ್ ಇಲ್ಲದ ಯಂತ್ರಕ್ಕೆ ಇದರಷ್ಟು ಲಾಭದ ಖರ್ಚು ಇನ್ನೊಂದಿಲ್ಲ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ 'ಸ್ಲಾಟ್ಸ್ ಯೂಸ್ಡ್' ಎಂದಿರುವುದನ್ನು ನೋಡಿಕೊಳ್ಳಿ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಗ ಈ ದಾರಿ ಇಲ್ಲ.

ಎಲ್ಲವನ್ನೂ ಆಪರೇಟಿಂಗ್ ಸಿಸ್ಟಮ್ಮಿನ ತಲೆಗೆ ಕಟ್ಟುವುದು ಸರಿಯಲ್ಲ. ತನಗೆ ಮುಂದೆ ಏನು ಬೇಕೆಂದು ಗೇಮಿಗೆ ಗೊತ್ತಿರುವಷ್ಟು ವಿಂಡೋಸಿಗೆ ಗೊತ್ತಿರುವುದಿಲ್ಲ. 1996ರ ಕ್ರ್ಯಾಶ್ ಬ್ಯಾಂಡಿಕೂಟ್ ಓಡಿದ ಮೊದಲ ಪ್ಲೇಸ್ಟೇಷನ್ನಿನಲ್ಲಿ ಮುಖ್ಯ ಮೆಮೊರಿ ಇದ್ದದ್ದು 2 ಎಂಬಿ. ಗೇಮಿನ ಒಂದೊಂದು ಹಂತ ಅದಕ್ಕಿಂತ ಹಲವು ಪಟ್ಟು ದೊಡ್ಡದು. ಅದನ್ನು ಬರೆದ ಆಂಡಿ ಗ್ಯಾವಿನ್ ತಾವೇ ಇಂಥದ್ದೊಂದು ಪೇಜುಗಳ ಏರ್ಪಾಟು (ವರ್ಚುವಲ್ ಮೆಮೊರಿ) ಕಟ್ಟಿ, ಆಟಗಾರ ಮುಂದೆ ಓಡಿದಂತೆಲ್ಲ 64 ಕೆಬಿಯ ಪೇಜುಗಳನ್ನು ಸಿಡಿಯಿಂದ ಒಳಗೆ ತರುವಂತೆ ಮಾಡಿದರು. ಜಿಟಿಎ ಸರಣಿಯದ್ದೂ ಅದೇ ಪರಂಪರೆ. ಸ್ಯಾನ್ ಆಂಡ್ರಿಯಾಸ್ 2004ರಲ್ಲಿ ಬಂದಾಗ ಪ್ಲೇಸ್ಟೇಷನ್ 2ರ 32 ಎಂಬಿಯಲ್ಲಿ ಮೂರು ನಗರ, ಮರುಭೂಮಿ, ಬೆಟ್ಟ ಎಲ್ಲವನ್ನೂ ತೋರಿಸಬೇಕಿತ್ತು. ನಮ್ಮ ಊರುಗಳ ಸೈಬರ್ ಕೆಫೆಗಳಲ್ಲಿ ಅದೇ ಸರಣಿಯ ವೈಸ್ ಸಿಟಿ ಆಡಿ ಬೆಳೆದವರಿಗೆ ಗಾಡಿ ಜೋರಾಗಿ ಓಡಿಸಿದರೆ ರಸ್ತೆಯ ಆಚೆ ಕಟ್ಟಡಗಳು ಇದ್ದಕ್ಕಿದ್ದಂತೆ ಮೊಳೆಯುತ್ತಿದ್ದದ್ದು ನೆನಪಿರಬಹುದು. ನೀವು ಆಡುತ್ತಿರುವ ಜಿಟಿಎ 5 ಕೂಡ 2013ರಲ್ಲಿ ಮೊದಲು ಓಡಿದ್ದು ಒಟ್ಟು 512 ಎಂಬಿ ಮೆಮೊರಿಯ ಎಕ್ಸ್‌ಬಾಕ್ಸ್ 360ರ ಮೇಲೆ! ಅಲ್ಲಿ ಒಳಗೆ ಇನ್ನೇನು ಓಡುತ್ತಿದೆ ಎಂಬುದು ಒಂದೊಂದು ಎಂಬಿಯವರೆಗೆ ಬರೆದವರಿಗೆ ಗೊತ್ತಿತ್ತು. ಪಿಸಿಯಲ್ಲಿ ನಿಮ್ಮ ಬ್ರೌಸರಿನ ಇಪ್ಪತ್ತು ಟ್ಯಾಬ್‌ಗಳು, ಡಿಸ್ಕಾರ್ಡ್, ಆಂಟಿವೈರಸ್, ಅಪ್‌ಡೇಟ್ ಇವೆಲ್ಲ ಅವರಿಗೆ ಕಾಣದ ಪಾಲುದಾರರು.

ಗೇಮೇ ಎಡವುವುದೂ ಉಂಟು. 32 ಬಿಟ್ ಪ್ರೋಗ್ರಾಮಿಗೆ ವಿಂಡೋಸಿನಲ್ಲಿ ಮಾಮೂಲಾಗಿ ಸಿಗುವ ವಿಳಾಸ 2 ಜಿಬಿ ಮಾತ್ರ. 16 ಜಿಬಿ ರ‍್ಯಾಮ್ ಇದ್ದರೂ ಅಷ್ಟೇ. 2011ರ ನವೆಂಬರಿನಲ್ಲಿ ಬಂದ ಸ್ಕೈರಿಮ್ ಈ ಗೋಡೆಗೆ ಗುದ್ದಿ ಬೀಳುತ್ತಿತ್ತು. ಪ್ರೋಗ್ರಾಂ ಫೈಲಿನಲ್ಲಿ ಒಂದು ಗುರುತು ಬದಲಾಯಿಸಿದರೆ 64 ಬಿಟ್ ವಿಂಡೋಸ್ 4 ಜಿಬಿ ಕೊಡುತ್ತದೆ ಎಂದು ಆಟಗಾರರೇ ಕಂಡುಕೊಂಡು ಬದಲಾಯಿಸಿಕೊಂಡರು. ಡಿಸೆಂಬರಿನ ಅಪ್‌ಡೇಟಿನಲ್ಲಿ ಗೇಮ್ ತಯಾರಿಸಿದ ಬೆಥೆಸ್ಡಾ ಕಂಪನಿ ಅದನ್ನೇ ಅಧಿಕೃತವಾಗಿ ಸೇರಿಸಿತು. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಯದ್ದು ಉಲ್ಟಾ ಕಾಯಿಲೆ. ಅಲ್ಲಿ ಎಷ್ಟು ಮೆಮೊರಿ ಕೊಡಬೇಕೆಂದು ಆಡುವವರೇ ಹೇಳಬಹುದು, ಹಾಗಾಗಿ 8 ಜಿಬಿ ಇರುವವರು ಹುಮ್ಮಸ್ಸಿನಲ್ಲಿ 6 ಜಿಬಿ ಬರೆದುಬಿಡುತ್ತಾರೆ. ಜಾವಾದ ಕಸ ಗುಡಿಸುವ ಭಾಗ ಆಗೊಮ್ಮೆ ಈಗೊಮ್ಮೆ ಆ ಜಾಗವನ್ನೆಲ್ಲ ತಡಕಾಡುತ್ತದೆ. ಅದರಲ್ಲಿ ಅರ್ಧ ಪೇಜ್‌ಫೈಲಿಗೆ ಹೋಗಿದ್ದರೆ ಪ್ರತಿ ಗುಡಿಸುವಿಕೆಯೂ ಹಾರ್ಡ್ ಫಾಲ್ಟುಗಳ ಜಡಿಮಳೆ. ಹೆಚ್ಚು ಕೊಟ್ಟಷ್ಟೂ ನಿಧಾನ.

ನಿಮ್ಮ ತಡವರಿಕೆ ಮೆಮೊರಿಯದ್ದೇ ಹೌದೋ ಅಲ್ಲವೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಸ್ಟಾರ್ಟ್ ಮೆನುವಿನಲ್ಲಿ ರಿಸೋರ್ಸ್ ಮಾನಿಟರ್ ಎಂದು ಹುಡುಕಿ ತೆರೆಯಿರಿ, ಮೆಮೊರಿ ಟ್ಯಾಬಿಗೆ ಹೋಗಿ. 'ಹಾರ್ಡ್ ಫಾಲ್ಟ್ಸ್' ಎಂಬ ಗ್ರಾಫ್ ಕಾಣುತ್ತದೆ. ಗೇಮನ್ನು ವಿಂಡೋದಲ್ಲಿ ಇಟ್ಟುಕೊಂಡು ಹತ್ತು ನಿಮಿಷ ಆಡಿ. ಚಿತ್ರ ನಿಂತ ಹೊತ್ತಿಗೆ ಸರಿಯಾಗಿ ಅಲ್ಲಿ ಗ್ರಾಫ್ ಎದ್ದರೆ ಮೆಮೊರಿಯದ್ದೇ ಪಿತೂರಿ. ಗ್ರಾಫ್ ನೆಲದಲ್ಲೇ ಮಲಗಿದ್ದು ಚಿತ್ರ ನಿಲ್ಲುತ್ತಿದ್ದರೆ ಬೇರೆ ಕಡೆ ಹುಡುಕಿ. ಹೊಸ ಗೇಮುಗಳಲ್ಲಿ ಒಂದು ದೃಶ್ಯ ಮೊದಲ ಸಲ ಬಂದಾಗ ಶೇಡರ್ ಎಂಬ ಪುಟ್ಟ ಗ್ರಾಫಿಕ್ಸ್ ಪ್ರೋಗ್ರಾಮುಗಳನ್ನು ತಯಾರಿಸಲು ಹೊತ್ತು ಹಿಡಿದು ನಿಲ್ಲುವುದುಂಟು, ಎರಡನೇ ಸಲ ಅದೇ ಜಾಗದಲ್ಲಿ ನಿಲ್ಲುವುದಿಲ್ಲ. ಆಡುತ್ತ ಇಪ್ಪತ್ತು ನಿಮಿಷದ ಮೇಲೆ ಶುರುವಾಗಿ ಹಾಗೇ ಉಳಿದರೆ ಲ್ಯಾಪ್‌ಟಾಪ್ ಬಿಸಿಯಾಗಿ ಪ್ರಾಸೆಸರ್ ವೇಗ ಇಳಿಸಿಕೊಂಡಿರುತ್ತದೆ. ಆನ್‌ಲೈನ್ ಆಟದಲ್ಲಿ ಎದುರಾಳಿ ಮಾತ್ರ ಜಿಗಿದು ನಿಮ್ಮ ಕ್ಯಾಮೆರಾ ನಯವಾಗಿ ತಿರುಗುತ್ತಿದ್ದರೆ ಅದು ನೆಟ್‌ವರ್ಕಿನ ದೋಷ, ಎಷ್ಟು ರ‍್ಯಾಮ್ ಹಾಕಿದರೂ ಹೋಗದು.

ಮೆಮೊರಿಯದ್ದೇ ಎಂದಾದರೆ, ಸ್ಟಿಕ್ ಕೊಳ್ಳುವವರೆಗೆ ಮೂರು ಕೆಲಸ ಮಾಡಬಹುದು. ಆಡುವ ಮೊದಲು ಬ್ರೌಸರನ್ನು ಪೂರ್ತಿ ಮುಚ್ಚಿ, ಮಿನಿಮೈಸ್ ಮಾಡಿದರೆ ಸಾಲದು. ಗೇಮಿನ ಸೆಟ್ಟಿಂಗ್ಸಿನಲ್ಲಿ ಟೆಕ್ಸ್ಚರ್ ಗುಣಮಟ್ಟವನ್ನು 'ನಾರ್ಮಲ್'ಗೆ ಇಳಿಸಿ. ನಿಮ್ಮಂಥ ಯಂತ್ರದಲ್ಲಿ ಅದು ನೇರವಾಗಿ ರ‍್ಯಾಮ್ ಉಳಿಸುವ ಗುಂಡಿ, ನೆರಳು ಹುಲ್ಲುಗಳನ್ನು ಕಡಿಮೆ ಮಾಡಿದರೆ ಇಷ್ಟು ಉಳಿಯದು. ಪೇಜ್‌ಫೈಲ್ ಮತ್ತು ಗೇಮ್ ಎರಡೂ ಎಸ್‌ಎಸ್‌ಡಿಯ ಮೇಲಿರಲಿ. ಗೇಮ್ ಹಾರ್ಡ್ ಡಿಸ್ಕಿನಲ್ಲಿದ್ದರೆ ಆ ಊರಿನ ಇನ್ನೊಂದು ತುದಿಯ ಬೀದಿಗಳು ಬರಬೇಕಾದದ್ದು ಅಲ್ಲಿಂದಲೇ, ಒಂದೊಂದು ಓದಿಗೆ 10 ಮಿಲಿಸೆಕೆಂಡಿನಂತೆ.